ಸೊಕುಪಾ ಮೇಷ್ಟ್ರು ಕೊಟ್ಟ ದೋ

2018ರ ಜುಲೈ 21, ಶನಿವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಪೇಟೆಯಂಚಿನ ಕರಿಯರ ಕೇರಿ ನ್ಯೂ ಬ್ರೈಟನ್ನಿನ ಚರ್ಚಿನ ಹಿಂದಿರುವ ಸಭಾಂಗಣದಲ್ಲಿ ಗಾಯಕವೃಂದ ಎದ್ದು ನಿಂತಿತ್ತು. ಸೊಕುಪಾ ಮೇಷ್ಟ್ರು ಕೋಟಿನ ಒಳಜೇಬಿನಿಂದ ಎರಡು ಕವಲಿನ ಉಕ್ಕಿನ ಶ್ರುತಿಕವೆ ತೆಗೆದು ಮೊಣಕಾಲಿಗೆ ಬಡಿದರು. ಅದರ ಹಿಡಿಯನ್ನು ಬಲಗಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಹಾಡಿನ ಆಧಾರಸ್ವರವನ್ನು 'ದೋ' ಎಂದು ಗುನುಗಿದರು.

ಅಭ್ಯಾಸ ಕೇಳಲು ಬಂದು ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತಿದ್ದ ವುಯೋಕಾಝಿ ತಲೆಯೆತ್ತಿದಳು. ಶ್ರುತಿಕವೆ ಹೇಳುವ ಸ್ವರ ಅವಳಿಗೆ ಬಾಯಿಪಾಠ, ಮೇಷ್ಟ್ರ ಗಂಟಲು ಕೊಟ್ಟದ್ದು ಇನ್ನೊಂದು. ಅದು ಇರಬೇಕಾದ ಜಾಗಕ್ಕಿಂತ ಇಡೀ ಒಂದು ಸ್ವರ ಕೆಳಗಿತ್ತು.

ಅವಳು ಕಾದಳು. ಪಕ್ಕವಾದ್ಯವಿಲ್ಲದೆ ಹಾಡುವ ಆ ವೃಂದದಲ್ಲಿ ನಾಲ್ಕೂ ಗುಂಪಿನವರು ತಮ್ಮ ತಮ್ಮ ಸ್ವರ ಹುಡುಕಿಕೊಳ್ಳುವುದು ಆ ಒಂದು ದೋದಿಂದ. ಷಡ್ಜ ತಗ್ಗಿದರೆ ಹಾಡೆಲ್ಲ ತಗ್ಗಲೇಬೇಕು. ಆದರೆ ಮೇಷ್ಟ್ರ ಕೈ ಮೇಲೆದ್ದು ಇಳಿದಾಗ ಹಾಡು ಎದ್ದದ್ದು ಸರಿಯಾದ ಶ್ರುತಿಯಲ್ಲೇ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮೇಷ್ಟ್ರು ತಲೆದೂಗುತ್ತ ಮುಂದುವರಿದರು.

ತನ್ನ ಕಿವಿಯೇ ಮೋಸಹೋಯಿತೇನೋ ಎಂದುಕೊಂಡಳು. ಅರ್ಧ ಆಯುಸ್ಸು ಚೆಲ್ಲೋ ಎಂಬ ದೊಡ್ಡ ತಂತಿವಾದ್ಯ ನುಡಿಸಿದವಳಿಗೆ ಅಷ್ಟು ದೊಡ್ಡ ತಪ್ಪಾಗುವುದುಂಟೆ? ಮೇಷ್ಟ್ರು ನಡುವೆ ನಿಲ್ಲಿಸಿ ಮೇಲುದನಿಯ ಗಂಡಸರಾದ ಟೆನರುಗಳನ್ನು ಗದರಿಸಿದರು: 'ಅಲ್ಲಿ ಫಾ ಹಾಡಿ ಅಂದ್ರೆ ಮೇಕೆ ಥರ ಅರಚ್ತೀರಲ್ಲ, ಹುಲ್ಲು ಹಾಕ್ಲಾ?' ಎಲ್ಲರೂ ನಕ್ಕರು. ಮತ್ತೆ ಮೊದಲಿನಿಂದ ಶುರು ಮಾಡಲು ಮತ್ತೆ ದೋ ಕೊಟ್ಟರು. ಮತ್ತೆ ಅಷ್ಟೇ ಕೆಳಗೆ. ಈ ಸಲ ಅವಳು ಮೇಷ್ಟ್ರನ್ನು ಬಿಟ್ಟು ಗಾಯಕರನ್ನು ನೋಡಿದಳು.

ತಗ್ಗುದನಿಯ ಹೆಂಗಸರ ಆಲ್ಟೋ ಸಾಲಿನ ಮೊದಲಿಗೆ ನೊಸಾಖೆಲೆ ನಿಂತಿದ್ದಳು. ನಿವೃತ್ತ ನರ್ಸು, ವೃಂದದ ಹಿರಿಯಕ್ಕ. ಕೈಕಟ್ಟಿಕೊಂಡು ತುಟಿ ಬಿಗಿದಿದ್ದಳು, ಆದರೆ ಮೂಗಿನ ಹೊಳ್ಳೆ ಸಣ್ಣಗೆ ಅದುರುತ್ತಿತ್ತು. ಪಕ್ಕದವರು, ಹಿಂದಿನವರು, ಆ ಬದಿಯ ಕೆಳದನಿಯ ಬೇಸ್ ಗಂಡಸರು ಕೂಡ ತಲೆಯನ್ನು ಒಂದಿಷ್ಟು ಅವಳತ್ತ ವಾಲಿಸಿದ್ದರು. ಮೇಷ್ಟ್ರ ಗುನುಗು ಮುಗಿಯುವ ಮುಂಚೆಯೇ ಅದರ ಅಡಿಯಲ್ಲಿ ಅವಳಿಂದ ಹೊರಟ ಇನ್ನೊಂದು ದೋ, ನಿಜವಾದದ್ದು, ಬಾಯಿಂದ ಬಾಯಿಗೆ ಹರಿದು ಹೋಗಿತ್ತು.

ವುಯೋಕಾಝಿ ಒಂಬತ್ತು ವರ್ಷದವಳಾಗಿ ಇದೇ ಸಭಾಂಗಣಕ್ಕೆ ಬಂದವಳು. ಆಗ ಮೇಷ್ಟ್ರು ಪ್ರೌಢಶಾಲೆಯಲ್ಲಿ ಹಗಲು ಗಣಿತ ಹೇಳಿಕೊಟ್ಟು ಸಂಜೆ ಹಾಡು ಹೇಳಿಕೊಡುತ್ತಿದ್ದರು. ಐದು ಗೆರೆಗಳ ಮೇಲೆ ಬರೆದ ಸ್ವರಲಿಪಿ ಆ ಬೀದಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ದೋ ರೇ ಮೀ ಅಕ್ಷರಗಳು ಮಾತ್ರ. ಮೇಷ್ಟ್ರು ಕೈಬೆರಳುಗಳಲ್ಲೇ ಏಳು ಸ್ವರ ತೋರಿಸಿ ಕಲಿಸಿದರು. ಈ ಹುಡುಗಿಯ ಕಿವಿ ಬೇರೆ ಥರದ್ದು ಎಂದು ಮೊದಲು ಹೇಳಿದವರೂ ಅವರೇ. ಪೇಟೆಯ ಬಿಳಿಯ ಹೆಂಗಸೊಬ್ಬಳ ಮನೆ ಬಾಗಿಲಲ್ಲಿ ಹ್ಯಾಟು ಕೈಲಿ ಹಿಡಿದು ನಿಂತು ಅವಳಿಗೆ ಚೆಲ್ಲೋ ಪಾಠ ಕೇಳಿದವರೂ ಅವರೇ. ಅಲ್ಲಿಂದ ಅವಳು ಕೇಪ್ ಟೌನಿಗೆ ಹೋದಳು, ಆಮೇಲೆ ಇಂಗ್ಲೆಂಡಿಗೆ. ಬೇರೆಬೇರೆ ವಾದ್ಯವೃಂದಗಳಲ್ಲಿ ನುಡಿಸಿದಳು, ಕಾಲೇಜಿನಲ್ಲಿ ಪಾಠ ಮಾಡಿದಳು, ಮುಂದೆ ನಿಂತು ವೃಂದ ನಡೆಸುವುದನ್ನೂ ಕಲಿತಳು, ಕೊನೆಗೆ ತನ್ನೂರಿನ ವಾದ್ಯವೃಂದಕ್ಕೇ ಮುಖ್ಯಸ್ಥೆಯಾಗಿ ಬಂದಳು. ಈಗ ದಿನವೆಲ್ಲ ಸಭೆ, ದೂರವಾಣಿ, ಮಂತ್ರಿಗಳ ಕಚೇರಿಯ ಮುಂದಿನ ಬೆಂಚು. ಚೆಲ್ಲೋ ಪೆಟ್ಟಿಗೆ ತೆರೆದು ತಿಂಗಳುಗಳಾಗಿದ್ದವು.

ಆ ಮುಖ್ಯಸ್ಥೆಯ ಕುರ್ಚಿಯಲ್ಲಿ ಕೂತು ಅವಳು ಮಾಡಬೇಕೆಂದಿದ್ದ ಕೆಲಸ ಒಂದೇ. ಮೇಷ್ಟ್ರು 'ಕೆಂಪು ತಗಡು' ಎಂದೊಂದು ಕೃತಿ ರಚಿಸಿದ್ದರು, ತುಕ್ಕುಹಿಡಿದ ತಗಡಿನ ಮನೆಗಳಲ್ಲಿ ಬದುಕಿ ಸತ್ತ ತಮ್ಮ ಕೇರಿಯವರ ಮೇಲೆ. ಅದನ್ನು ವಾದ್ಯವೃಂದದೊಂದಿಗೆ, ಪೇಟೆಯ ದೊಡ್ಡ ಸಭಾಭವನದಲ್ಲಿ, ಮೇಷ್ಟ್ರೇ ಮುಂದೆ ನಿಂತು ನಡೆಸಬೇಕು. ಆಗಸ್ಟ್ ಹದಿನೇಳಕ್ಕೆ ದಿನ ಗೊತ್ತಾಗಿತ್ತು. ಭಿತ್ತಿಪತ್ರ ಅಚ್ಚಾಗಿ ಬಸ್ ನಿಲ್ದಾಣದಲ್ಲೂ ಅಂಟಿತ್ತು. ಅದರಲ್ಲಿ ಮೇಷ್ಟ್ರು ಕೈಯೆತ್ತಿ ನಿಂತಿದ್ದರು.

ಚಹಾ ಹೊತ್ತಿನಲ್ಲಿ ಅವಳು ನೊಸಾಖೆಲೆಯನ್ನು ಹೊರಗೆ ಕರೆದಳು. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ನೊಸಾಖೆಲೆ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಕರಿದ ಹಿಟ್ಟಿನುಂಡೆ ಹಿಡಿದು ಗೋಡೆಗೆ ಒರಗಿದಳು.

'ಎಷ್ಟು ದಿನದಿಂದ ಅಕ್ಕಾ?'

'ಏನು ಎಷ್ಟು ದಿನದಿಂದ?'

'ಅಕ್ಕಾ.'

ನೊಸಾಖೆಲೆ ಉಂಡೆ ಮುರಿದು ಅರ್ಧ ಇವಳ ಕೈಗಿಟ್ಟಳು. 'ನಾಲ್ಕು ವರ್ಷ ಆಗ್ತಾ ಬಂತು. ಮೇಷ್ಟ್ರ ಹೆಂಡ್ತಿ ಅಮ್ಮನವರು ತೀರ್ಕೊಂಡ್ರಲ್ಲ, ಅದರ ಮುಂದಿನ ಚಳಿಗಾಲದಿಂದ.'

ಮೊದಮೊದಲು ಮೇಷ್ಟ್ರು ಕೊಟ್ಟದ್ದನ್ನೇ ಗಾಯಕರು ಹಿಡಿದು ಹಾಡಿದರಂತೆ. ಪ್ರಾಂತ್ಯದ ಸ್ಪರ್ಧೆಯಲ್ಲಿ ಬೇಸ್ ಗಂಡಸರಿಗೆ ಕೆಳಗಿನ ಸ್ವರ ಎಟುಕದೆ ಬರೀ ಗೊರಗೊರ ಶಬ್ದ ಬಂತು. ಶ್ರುತಿ ಕೆಟ್ಟಿದೆ ಎಂದು ತೀರ್ಪುಗಾರರು ಕೊನೆಯ ಸ್ಥಾನಕ್ಕೆ ತಳ್ಳಿದರು. ಮೇಷ್ಟ್ರು ತಾವೇ ಸರಿಯಾಗಿ ಕಲಿಸಲಿಲ್ಲವೆಂದು ಕೊರಗಿ ಊಟ ಬಿಟ್ಟರು. ಆಮೇಲೆ ಯಾರೂ ಯಾರ ಹತ್ತಿರವೂ ಮಾತಾಡಿಕೊಳ್ಳದೆಯೇ ಈ ಏರ್ಪಾಟು ಬೆಳೆಯಿತು. ಅದಾದ ಮೇಲೆ ಎರಡು ಸಲ ಆ ಸ್ಪರ್ಧೆಯ ಕಪ್ ಗೆದ್ದಿದ್ದರು.

'ನಾನು ನರ್ಸಾಗಿ ಇಂಥದ್ದನ್ನ ನೋಡಿದ್ದೀನಿ. ನಮ್ಮ ಹಾಡು ಅವರಿಗೆ ಇವತ್ತಿಗೂ ಚೆನ್ನಾಗೇ ಕೇಳುತ್ತೆ, ತಪ್ಪಿದ್ರೆ ಕಿವಿ ಹಿಂಡ್ತಾರೆ. ಕೇಳದೇ ಇರೋದು ಅವರ ಗಂಟಲು ಒಂದೇ. ತಲೆಯೊಳಗೆ ಸರಿಯಾಗಿದೆ, ಹೊರಗೆ ಬರೋವಾಗ ಜಾರಿಬಿಡುತ್ತೆ. ಅಷ್ಟಕ್ಕೆ ಹೋಗಿ ಅವರ ಮುಖಕ್ಕೆ ಹೇಳ್ಬೇಕಾ?'

'ವಾದ್ಯದವರ ಮುಂದೆ ಇದು ಹೇಗೆ ನಡೆಯುತ್ತಕ್ಕಾ?'

'ಹಂಗಾದ್ರೆ ನೀನೇ ಹೇಳು. ಟೀವಿಲೆಲ್ಲ ಅಷ್ಟು ಮಾತಾಡ್ತೀಯ, ಇದಕ್ಕೆ ಬಾಯಿ ಬರಲ್ವಾ?'

ಹೇಳಲೆಂದೇ ಮರುದಿನ ಅವಳು ಮೇಷ್ಟ್ರ ಮನೆಗೆ ಹೋದಳು. ಅವರು ಕಪ್ಪು ಸೂಟನ್ನು ಇಸ್ತ್ರಿ ಮಾಡಿಸಿ ಬಾಗಿಲ ಹಿಂದೆ ತೂಗುಹಾಕಿದ್ದರು. ಸುಮ್ಮನೆ ನೋಡಲಿ ಎಂದು ಅದನ್ನು ಇಳಿಸಿ ತೋರಿಸಿದರು. ಹದಿನೆಂಟರ ವಯಸ್ಸಿನಲ್ಲಿ ಆ ಸಭಾಭವನಕ್ಕೆ ಕುರ್ಚಿ ಹೊರುವ ಕೂಲಿಗೆ ಹೋಗುತ್ತಿದ್ದದ್ದನ್ನು ಹೇಳಿದರು. ಒಳಗೆ ವಾದ್ಯವೃಂದ ಅಭ್ಯಾಸ ಮಾಡುತ್ತಿದ್ದಾಗ ಓಣಿಯಲ್ಲಿ ನಿಂತು ಕೇಳುತ್ತಿದ್ದರಂತೆ. ಕಾವಲುಗಾರ ಬಂದು, ಕೆಲಸ ಮುಗಿಯಿತಲ್ಲ ಇನ್ನೇನು ನೋಡುತ್ತೀ ಎಂದು ಓಡಿಸುತ್ತಿದ್ದನಂತೆ. ಅರವತ್ತು ವರ್ಷ ಆಗುತ್ತ ಬಂತು, ಆ ಬಾಗಿಲಿನ ಹಿತ್ತಾಳೆ ಹಿಡಿ ಹೇಗಿತ್ತೆಂದು ಈಗಲೂ ಅಂಗೈಗೆ ಗೊತ್ತು ಎಂದರು. ವುಯೋಕಾಝಿ ಎರಡು ಲೋಟ ಚಹಾ ಕುಡಿದಳು. ನಾಲಿಗೆಯ ತುದಿಯಲ್ಲಿದ್ದದ್ದು ಅಲ್ಲೇ ಉಳಿಯಿತು. ಅದು ಬರೀ ಮರುಕವಾಗಿರಲಿಲ್ಲ. ಈಗ ಹೇಳಿದರೆ ಮೇಷ್ಟ್ರು ಹಿಂದೆಗೆಯುತ್ತಾರೆ, ಕಾರ್ಯಕ್ರಮ ನಿಲ್ಲುತ್ತದೆ, ಭಿತ್ತಿಪತ್ರವನ್ನು ಊರೆಲ್ಲ ನೋಡಿದೆ ಎಂಬ ಲೆಕ್ಕವೂ ಅದರಲ್ಲಿ ಬೆರೆತಿತ್ತು. ಅದು ಅವಳಿಗೂ ಗೊತ್ತಿತ್ತು.

ಕೊನೆಗೆ ಹೇಳಿದ್ದು ಬೇರೆಯದನ್ನು. ವಾದ್ಯವೃಂದದಲ್ಲಿ ಶ್ರುತಿ ಕೊಡುವುದು ಓಬೋ ಎಂಬ ಊದುವಾದ್ಯ ನುಡಿಸುವವರ ಕೆಲಸ, ನಡೆಸುವವರು ಅದಕ್ಕೆ ಕೈಹಾಕುವುದಿಲ್ಲ, ಅಲ್ಲಿಯ ಪದ್ಧತಿ ಹಾಗೆ ಎಂದಳು. ಅದು ನಿಜವೇ. ನಿಜವಾದ್ದರಿಂದಲೇ ಹೇಳುವುದು ಸುಲಭವಾಯಿತು.

'ಆಗಲಿ ಕೂಸೆ. ಅವರ ಮನೆಗೆ ಹೋದಾಗ ಅವರು ಹಾಕಿದ ಮಣೆ ಮೇಲೆ ಕೂರ್ಬೇಕು' ಎಂದರು ಮೇಷ್ಟ್ರು.

ಅವಳು ನೆಮ್ಮದಿಯಾಗಿ ಕಾರು ಹತ್ತಿದಳು. ನೊಸಾಖೆಲೆಗೆ ಫೋನು ಮಾಡಿ, ಎಲ್ಲ ಸರಿಹೋಯಿತು, ಆದರೂ ಯಾವುದಕ್ಕೂ ನೀನು ಸಿದ್ಧವಾಗಿರು ಎಂದಳು. ವಾದ್ಯದವರಿಗೆ ಏನನ್ನೂ ಹೇಳಲಿಲ್ಲ. ತನ್ನ ಮೇಷ್ಟ್ರ ಕೊರತೆಯನ್ನು ತಾನೇ ಹೋಗಿ ಪೇಟೆಯವರ ಮುಂದೆ ಹರವುವುದೇ ಎಂದು ಮನಸ್ಸು ಬಾರಲಿಲ್ಲ. ಅಲ್ಲೇ ಎಡವಿದ್ದಳು.

ಆಗಸ್ಟ್ 11ರ ಶನಿವಾರ ಎರಡೂ ವೃಂದಗಳು ಮೊದಲ ಸಲ ಸಭಾಭವನದಲ್ಲಿ ಸೇರಿದವು. ವಾದ್ಯದವರು ಮುಂದೆ, ಗಾಯಕರು ಹಿಂದಿನ ಮೆಟ್ಟಿಲುಗಳ ಮೇಲೆ. ಮೇಷ್ಟ್ರು ಮುಂಬಾಗಿಲಿನಿಂದ ಬಂದರು, ಬೇಕೆಂದೇ ನಿಧಾನವಾಗಿ. ಓಬೋ ಶ್ರುತಿ ಕೊಟ್ಟಿತು, ತಂತಿಗಳೆಲ್ಲ ಅದಕ್ಕೆ ಸೇರಿಕೊಂಡವು. ವುಯೋಕಾಝಿ ಎರಡನೆಯ ಸಾಲಿನ ಆಸನದಲ್ಲಿ ಕೂತು ಬೆರಳು ಹೆಣೆದುಕೊಂಡಳು.

'ಕೆಂಪು ತಗಡು' ಶುರುವಾಗುವುದು ಬರೀ ಗಾಯನದಿಂದ. ಕೆಲವು ಸಾಲುಗಳಾದ ಮೇಲೆ ತಂತಿವಾದ್ಯಗಳು ಅದರ ಅಡಿಗೆ ಬಂದು ಸೇರುತ್ತವೆ. ಮೇಷ್ಟ್ರು ವೇದಿಕೆಯೇರಿ ವಾದ್ಯದವರಿಗೆ ತಲೆಬಾಗಿದರು. ಹಾಡಿನವರತ್ತ ತಿರುಗಿದರು. ಕೋಟಿನೊಳಗೆ ಕೈ ಹೋಯಿತು.

ಓಬೋ ನುಡಿಸುವಾಕೆ ಆ ದೋವನ್ನೂ ತಾನೇ ಕೊಡಲು ವಾದ್ಯ ತುಟಿಗಿಟ್ಟಿದ್ದಳು. ಮೇಷ್ಟ್ರು ನಗುತ್ತ ಬೇಡವೆಂದು ಕೈಯಾಡಿಸಿದರು. 'ನಿಮ್ಮವರಿಗೆ ನೀವು ಕೊಟ್ರಿ ತಾಯಿ, ಆಯ್ತು. ನನ್ನ ಮಕ್ಕಳಿಗೆ ನಾನೇ ಕೊಡ್ತೀನಿ.'

ಶ್ರುತಿಕವೆ ಕಿವಿಗೆ ಹೋಯಿತು. ಗುನುಗು ಬಂತು. ಮೆಟ್ಟಿಲ ಮೇಲೆ ತಲೆಗಳು ಒಂದಿಷ್ಟು ವಾಲಿದವು. ಹಾಡು ಸರಿಯಾದ ಜಾಗದಲ್ಲೇ ಎದ್ದಿತು, ತಂತಿಗಳು ಬಂದು ಸೇರಿದವು. ಅರವತ್ತು ವರ್ಷದ ಹಿಂದೆ ಓಣಿಯಲ್ಲಿ ನಿಂತಿದ್ದ ಮನುಷ್ಯನ ಎರಡೂ ಕೈಗಳು ಆ ಶಬ್ದದ ಮೇಲೆ ತೇಲಿದವು. ಸುಮಾರು ಎರಡು ನಿಮಿಷ ಹಾಗೆ ನಡೆಯಿತು. ವುಯೋಕಾಝಿಯ ಕಣ್ಣಲ್ಲಿ ನೀರಾಡಿತು.

ಉಸಿರು ತಗೊಳ್ಳುವ ಜಾಗವೊಂದನ್ನು ತಿದ್ದಲು ಮೇಷ್ಟ್ರು ನಿಲ್ಲಿಸಿದಾಗ ಹಿತ್ತಾಳೆಯ ಹಾರ್ನ್ ಊದುವ ರುವಾನ್ ಕೈಯೆತ್ತಿದ. ಕೆಂಚು ಗಡ್ಡದ, ಕೆಲಸದಲ್ಲಿ ಬಹಳ ಅಚ್ಚುಕಟ್ಟಿನ ಮನುಷ್ಯ. ವಾದ್ಯವೃಂದದಲ್ಲಿ ಇಂಥ ಪ್ರಶ್ನೆ ದಿನಕ್ಕೆ ಹತ್ತು ಸಲ ಏಳುತ್ತದೆ, ಯಾರೂ ಕೆಟ್ಟದ್ದೆಂದು ತಿಳಿಯುವುದಿಲ್ಲ.

'ಸರ್, ಒಂದು ಸಣ್ಣ ಅನುಮಾನ. ನೀವು ಕೊಟ್ಟಿದ್ದು ಬಿ-ಫ್ಲ್ಯಾಟ್. ಅವರು ಹಿಡಿದಿದ್ದು ಸಿ, ಒಂದು ಸ್ವರ ಮೇಲೆ. ನಮ್ಮ ಹಾಳೆಲೂ ದೋ ಅಂದ್ರೆ ಸಿ ಅಂತಲೇ ಇದೆ. ನಿಮಗೆ ಬೇಕಾದ್ದು ಯಾವುದು?'

ಮೇಷ್ಟ್ರು ಮಗುವಿನ ತಪ್ಪನ್ನು ಮನ್ನಿಸುವ ಹಾಗೆ ಮುಗುಳ್ನಕ್ಕರು. 'ಇಲ್ಲಪ್ಪ. ಸರಿಯಾಗೇ ಕೊಟ್ಟಿದ್ದೀನಿ. ಬೇಕಿದ್ರೆ ಕೇಳಿಸ್ಕೋ.' ಗಾಯಕರತ್ತ ತಿರುಗಿ, 'ಹಾಡೋದು ಬೇಡ, ನಾನು ಕೊಟ್ಟಿದ್ದನ್ನ ಹಾಗೇ ಹಿಡೀರಿ ಸಾಕು' ಎಂದರು. ಶ್ರುತಿಕವೆ ಬಡಿದು ಗುನುಗಿ ಕೈಯೆತ್ತಿದರು.

ನಾಲ್ಕು ವರ್ಷಗಳಲ್ಲಿ ಅವರು ಹೀಗೆ ಕೇಳಿದ್ದೇ ಇಲ್ಲ. ಕೊಟ್ಟದ್ದನ್ನು ಹಾಗೇ ಹಿಡಿಯಿರಿ ಎಂದರೆ ಯಾವುದನ್ನು ಹಿಡಿಯುವುದು? ಕೆಲವರು ಮೇಷ್ಟ್ರ ಮಾತು ಮೀರಲಾರದೆ ಅವರ ಸ್ವರವನ್ನೇ ಹಿಡಿದರು. ಕೆಲವರು ರೂಢಿಯಂತೆ, ಕೇಳಿ ಕೇಳಿ ನೆನಪಿದ್ದ ನೊಸಾಖೆಲೆಯದನ್ನು ಹಿಡಿದರು. ನೊಸಾಖೆಲೆ ಮಾತ್ರ ಈ ಸಲ ಗುನುಗಿರಲಿಲ್ಲ. ಒಂದಕ್ಕೊಂದು ಒತ್ತಿಕೊಂಡ ಎರಡು ಸ್ವರಗಳು ಆ ದೊಡ್ಡ ಚಾವಣಿಯ ಕೆಳಗೆ ಗರಗಸದ ಹಾಗೆ ಉಜ್ಜಿದವು.

ಅದು ಮೇಷ್ಟ್ರಿಗೆ ಚೆನ್ನಾಗಿ ಕೇಳಿಸಿತು.

ಎತ್ತಿದ ಕೈ ಹಾಗೇ ಇತ್ತು. ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು, ತರಗತಿಯಲ್ಲಿ ಉತ್ತರ ಯಾರಿಗೆ ಗೊತ್ತು ಎಂದು ನೋಡುವ ಹಾಗೆ. ಯಾರೂ ಅವರನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಒಬ್ಬಳ ಮೇಲಿದ್ದವು.

'ನೊಸಾಖೆಲೆ.'

'ಜೋಲಾ' ಎಂದಳು ಅವಳು. ಅದು ಮೇಷ್ಟ್ರ ಕುಲದ ಹೆಸರು, ಹೆಚ್ಚಿನ ಗೌರವಕ್ಕೆ ಕರೆಯುವಂಥದ್ದು.

'ಯಾವಾಗಿನಿಂದ?'

ಅವಳು ಹೇಳಿದಳು.

'ಹಾಗಾದ್ರೆ ಆ ಎರಡು ಕಪ್‌ಗಳು?'

'ನಿಮ್ಮವೇ, ಜೋಲಾ. ಕಲಿಸಿದವರು ನೀವಲ್ವಾ.'

'ಕಲಿಸಿದ್ದು ನಾನು. ನಡೆಸಿದ್ದು ನೀನು.' ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಲೆಕ್ಕವೊಂದನ್ನು ಹಲಗೆಯ ಮೇಲೆ ಮತ್ತೆ ಬಿಡಿಸಿ ನೋಡುವವರ ಹಾಗಿದ್ದರು. ವೇದಿಕೆಯಿಂದ ಇಳಿಯುವಾಗ ಕಾಲು ಮೆಟ್ಟಿಲನ್ನು ಹುಡುಕಿತು. ರುವಾನ್ ಎದ್ದು ಕೈಕೊಡಲು ಬಂದ, ಮುಖ ಕೆಂಪಾಗಿತ್ತು. ತಾನೇನು ಮಾಡಿಬಿಟ್ಟೆ ಎಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಮೇಷ್ಟ್ರು ಅವನ ಭುಜ ತಟ್ಟಿದರು. 'ನೀನೊಬ್ಬ ಕೇಳ್ದೆಯಪ್ಪ. ಒಳ್ಳೇದಾಗ್ಲಿ.'

ವುಯೋಕಾಝಿ ಎದ್ದು ಬಂದು ಎದುರು ನಿಂತಿದ್ದಳು.

'ನಿಂಗೂ ಗೊತ್ತಿತ್ತಾ?'

'ಗೊತ್ತಿತ್ತು.'

'ಓಬೋ ಕಥೆ ಅದಕ್ಕೇನಾ?'

ಅವಳು ಹೌದೆಂದು ತಲೆಯಾಡಿಸಿದಳು. ದೋ ಯಾರು ಕೊಟ್ಟರೆ ಏನು, ಕೃತಿ ನಿಮ್ಮದು, ಕಿವಿ ಸರಿಯಿದೆ, ಕೈ ಸರಿಯಿದೆ, ನೀವೇ ನಡೆಸಬೇಕು ಎಂದು ಒಂದೇ ಉಸಿರಿಗೆ ಹೇಳಿದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೂರು ವಾರದ ಹಿಂದೆ, ಅವರ ಮನೆಯಲ್ಲಿ, ಚಹಾ ಲೋಟ ಕೈಲಿ ಹಿಡಿದು ಹೇಳಿದ್ದರೆ ಸಾಕಿತ್ತು.

'ಹೇಗೆ ನಡೆಸ್ಲಿ ಕೂಸೆ? ಇನ್ನು ನಾನು ಕೈ ಎತ್ತಿದಾಗಲೆಲ್ಲ ಅವರು ಯಾರ ಕಡೆ ನೋಡ್ತಿದ್ದಾರೆ ಅಂತಲೇ ನೋಡ್ತಿರ್ತೀನಿ. ಅದು ಹಾಡು ನಡೆಸೋದಲ್ಲ, ಕಳ್ಳರನ್ನ ಕಾಯೋದು.'

ಹ್ಯಾಟು ಹಾಕಿಕೊಂಡು ನಡುವಿನ ದಾರಿಯಲ್ಲಿ ನಡೆದು ಹೊರಟರು. ಯಾರೂ ಹಿಂದೆ ಹೋಗಲಿಲ್ಲ.

ಹದಿನೇಳನೆಯ ತಾರೀಕು ವುಯೋಕಾಝಿಯೇ ಮುಂದೆ ನಿಂತು ನಡೆಸಿದಳು. ಭವನ ತುಂಬಿತ್ತು, ನ್ಯೂ ಬ್ರೈಟನ್ನಿನಿಂದ ಬಸ್ಸುಗಳಲ್ಲಿ ಜನ ಬಂದಿದ್ದರು. ಮುಂದಿನ ಸಾಲಿನಲ್ಲಿ ಮೇಷ್ಟ್ರಿಗೆಂದು ಇಟ್ಟ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಓಬೋ ದೋ ಕೊಟ್ಟಿತು. ಹಾಡು ಮೊದಲಿನಿಂದ ಕೊನೆಯವರೆಗೆ ಶ್ರುತಿ ಬಿಡಲಿಲ್ಲ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಮುದುಕಿಯರು ನಾಲಿಗೆ ಕುಣಿಸಿ ಹರ್ಷದ ಕೂಗು ಹಾಕಿದರು. ಪತ್ರಿಕೆಯಲ್ಲಿ ಮೇಷ್ಟ್ರು ಅನಾರೋಗ್ಯದಿಂದ ಬರಲಾಗಲಿಲ್ಲ ಎಂದು ಬಂತು. ಹಾಗೆ ತಿಳಿಸಿದ್ದು ಅವಳ ಕಚೇರಿಯೇ. ಮುಂದಿನ ಶನಿವಾರದಿಂದ ನೊಸಾಖೆಲೆ ಅಭ್ಯಾಸಕ್ಕೆ ಬರುವುದು ನಿಲ್ಲಿಸಿದಳು.

ಸೆಪ್ಟೆಂಬರಿನ ಒಂದು ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ, ವುಯೋಕಾಝಿ ಮೇಷ್ಟ್ರ ಮನೆಗೆ ಹೋದಳು. ಬಾಗಿಲು ತೆರೆಯಲಾರರೆಂದು ಅಂದುಕೊಂಡಿದ್ದಳು. ತೆರೆದರು. ಹುರುಳಿ ಬೆರೆಸಿ ಬೇಯಿಸಿದ ಜೋಳದ ನುಚ್ಚು ಬಡಿಸಿದರು. ಗಾಳಿಗೆ ನೆರೆಮನೆಯ ಬೇಲಿ ಬಿದ್ದದ್ದು, ಮೊಮ್ಮಗಳ ಪರೀಕ್ಷೆ, ಇವನ್ನೆಲ್ಲ ಮಾತಾಡಿದರು. ಕಾರ್ಯಕ್ರಮದ ಸುದ್ದಿ ಎತ್ತಲಿಲ್ಲ. ಅವಳು ಕ್ಷಮೆ ಕೇಳಲು ಬಾಯಿ ತೆರೆದಾಗಲೆಲ್ಲ ಇನ್ನೊಂದು ಚಮಚ ಬಡಿಸಿದರು.

ತಟ್ಟೆ ಎತ್ತಿಟ್ಟ ಮೇಲೆ ಕೇಳಿದರು: 'ಸ್ವರ ಅಳೆಯೋದು ನಿನ್ನ ಫೋನಲ್ಲಿದೆಯಂತೆ, ಹೌದಾ?'

ಇದೆ ಎಂದಳು.

'ಹಾಗಾದ್ರೆ ನನ್ನ ದೋ ಅಳೆ.'

'ಬೇಡ ಮೇಷ್ಟ್ರೇ.'

'ನಾಲ್ಕು ವರ್ಷದಿಂದ ಎಲ್ಲರೂ ಬೇಡ ಅಂದ್ಕೊಂಡೇ ಬಂದ್ರಲ್ಲ. ಜಾರಿದೆ ಅಂತ ಗೊತ್ತು. ಎಲ್ಲಿ ನಿಂತಿದ್ದೀನಿ ಅಂತ ಗೊತ್ತಿಲ್ಲ. ನೀನು ಸುಳ್ಳು ಹೇಳಿದ್ರೂ ನಂಗೆ ಪತ್ತೆಯಾಗಲ್ಲ. ಅದಕ್ಕೇ ಕೇಳ್ಕೋತಿದ್ದೀನಿ.'

ಅವರು ಎದ್ದು ನಿಂತು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಕೂತು ಹಾಡಬಾರದೆಂದು ಅವಳಿಗೆ ಕಲಿಸಿದವರೂ ಅವರೇ. ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಮೇಷ್ಟ್ರು ಸಿ ಎಂಬ ಸ್ವರವನ್ನು ಮನಸ್ಸಿನಲ್ಲೇ ನೆನೆದುಕೊಂಡು ದೋ ಎಂದರು. ಗುನುಗಲಿಲ್ಲ, ಬಾಯಿತುಂಬ ಹಾಡಿದರು. ಎಪ್ಪತ್ತಾರರ ದನಿ ಎಲ್ಲೂ ನಡುಗಲಿಲ್ಲ. ಉಸಿರು ಮುಗಿಯುವವರೆಗೂ ಒಂದೇ ಜಾಗದಲ್ಲಿ, ತುಂಬಿ, ನೆಟ್ಟಗೆ ನಿಂತಿತ್ತು.

ಆಮೇಲೆ ಕುರ್ಚಿಯ ಬೆನ್ನು ಹಿಡಿದುಕೊಂಡು ಅವಳನ್ನು ನೋಡಿದರು.

ಸ್ವರಕ್ಕೆ ಸೆಕೆಂಡಿಗೆ ಎಷ್ಟು ಕಂಪನವೆಂದು ತೋರಿಸುವ ಫೋನಿನ ಅಂಕಿ ಅಲುಗಾಡದೆ ನಿಂತಿತ್ತು. ಸರಿಯಾಗಿದೆ ಮೇಷ್ಟ್ರೇ ಎಂಬ ಮಾತು ಅವಳ ಬಾಯಲ್ಲಿ ತಾನಾಗಿಯೇ ರೂಪಗೊಂಡಿತ್ತು. ಅದನ್ನು ನುಂಗಿಕೊಂಡಳು.

'ಇರಬೇಕಾದ್ದು ಎಷ್ಟು?' ಎಂದು ಅವರೇ ಕೇಳಿದರು.

'ಇನ್ನೂರ ಅರವತ್ತೆರಡು.'

'ಬಂದಿದ್ದು?'

ಅವಳು ತೀರ ತಗ್ಗಿದ ದನಿಯಲ್ಲಿ ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ಅಂಗೈಯನ್ನು ಬಟ್ಟಲಿನಂತೆ ಮಾಡಿ ಕಿವಿಗಿಟ್ಟು ಬಾಗಿದರು. ವುಯೋಕಾಝಿ ಎದ್ದು ಹತ್ತಿರ ಹೋಗಿ ಇನ್ನೊಮ್ಮೆ ಹೇಳಿದಳು: ಇನ್ನೂರ ಮೂವತ್ತೊಂದು ಹರ್ಟ್ಝ್.